ಜೊಂಡಿನಲ್ಲಿ ಸಿಕ್ಕಿಕೊಳ್ಳದ ಜಿಗ್: ಸೀಸವಿಲ್ಲದೆ ಮನೆಯಲ್ಲೇ ಕಟ್ಟುವ ಬಗೆ

ಕೊರವ ಮೀನಿಗೆ ಕಸ ಬೇಕು. ಮುರಲ್ ಎಂದೂ ಕರೆಸಿಕೊಳ್ಳುವ ಈ ಮೀನು ಅಂತರಗಂಗೆ ಹಬ್ಬಿದ ದಡದಲ್ಲಿ, ಜೊಂಡು ಇಳಿದ ಕೆರೆಯಂಗಳದಲ್ಲಿ, ತಾವರೆ ಎಲೆಯ ನೆರಳಲ್ಲಿ, ನಾಲೆಯ ತೂಬಿನ ಪಕ್ಕ ಹುಲ್ಲು ಬಾಗಿದ ಮೂಲೆಯಲ್ಲಿ ಅಲ್ಲಾಡದೆ ಕಾಯುತ್ತದೆ. ಕಪ್ಪೆಯೋ ಸಣ್ಣ ಮೀನೋ ಹತ್ತಿರ ಸುಳಿದರೆ ಒಂದೇ ನೆಗೆತಕ್ಕೆ ನುಂಗುತ್ತದೆ. ಆಗಾಗ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸುವ ಮೀನಾದ್ದರಿಂದ, ಕಸ ಕೊಳೆತು ಆಮ್ಲಜನಕ ಕಡಿಮೆಯಾದ ನೀರೂ ಅದಕ್ಕೆ ಒಗ್ಗುತ್ತದೆ. ಬೇರೆ ಮೀನು ಬಿಟ್ಟುಹೋದ ಜಾಗದಲ್ಲೂ ಕೊರವ ಉಳಿದಿರುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಗಾಳ ಹಿಡಿದು ಹೊರಟವರಿಗೆ ಇದು ಹೊಸ ಸಂಗತಿಯಲ್ಲ. ಮೀನು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿಗೆ ಕೊಕ್ಕೆ ಕಳಿಸಿ ವಾಪಸ್ ತರುವುದು ಹೇಗೆ ಎಂಬುದೇ ಕಷ್ಟ.

ಬರಿ ಕೊಕ್ಕೆಯನ್ನು ಅಂತರಗಂಗೆಯ ಮೇಲೆ ಎಸೆದು ಎಳೆದರೆ ಎರಡು ಮಾರು ಬರುವಷ್ಟರಲ್ಲಿ ಬೇರಿನ ಗಂಟೊಂದು ಅದಕ್ಕೆ ಜೋತುಬಿದ್ದಿರುತ್ತದೆ. ಜೋರಾಗಿ ಎಳೆದರೆ ದಾರ ಹರಿಯುತ್ತದೆ. ಕೊಕ್ಕೆ, ಸೀಸದ ಗುಂಡು, ಹತ್ತಿಪ್ಪತ್ತು ಅಡಿ ನೈಲಾನ್ ದಾರ ಕೆರೆಯಲ್ಲೇ ಉಳಿಯುತ್ತವೆ. ದುಡ್ಡು ಹೋಯಿತು ಎನ್ನುವುದು ಸಣ್ಣ ಮಾತು. ಆ ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೊಕ್ಕೆ ಎಮ್ಮೆ ತೊಳೆಯಲು ಇಳಿದವರ ಪಾದಕ್ಕೆ ಚುಚ್ಚುತ್ತದೆ, ಸೀಸ ಹೂಳಿನಲ್ಲಿ ಕೂರುತ್ತದೆ. ಕಸದೊಳಗೆ ಹೋಗಿ ಕಸವಿಲ್ಲದೆ ಮರಳುವ ಜಿಗ್ ಮೀನು ಹಿಡಿಯುವವರಿಗೂ ಬೇಕು, ಕೆರೆಗೂ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಅದನ್ನು ಮನೆಯಲ್ಲಿ ಕಟ್ಟಬಹುದು. ಸೀಸ ಕರಗಿಸುವ ಗೋಜೇ ಬೇಡ.

ಜಿಗ್ ಎಂದರೆ ತಲೆಯಲ್ಲೇ ಭಾರ ಕೂರಿಸಿದ ಕೊಕ್ಕೆ. ನಮ್ಮ ಮಾಮೂಲಿ ಗಾಳದಲ್ಲಿ ಕೊಕ್ಕೆ ಬೇರೆ, ಭಾರ ಬೇರೆ, ಮೇಲೆ ತೇಲುವ ಬೆಂಡು. ಎರೆಹುಳ ಸಿಕ್ಕಿಸಿ ಕಾಯುತ್ತ ಕೂರಬೇಕು. ಜಿಗ್‌ಗೆ ಬೆಂಡೂ ಬೇಡ, ಎರೆಯೂ ಬೇಡ. ಎಸೆದು, ತಳ ಮುಟ್ಟಿಸಿ, ಕೋಲಿನ ತುದಿಯನ್ನು ಎತ್ತಿ ಇಳಿಸುತ್ತ ಬಂದರೆ ಅದು ಕುಪ್ಪಳಿಸುತ್ತ ಬರುತ್ತದೆ. ಹಿಂದೆ ಕಟ್ಟಿದ ಗರಿಯೋ ರಬ್ಬರ್ ಎಳೆಯೋ ನೀರಿನಲ್ಲಿ ಅರಳಿ ಮುದುಡಿ, ಸೀಗಡಿಯೋ ಕಪ್ಪೆಮರಿಯೋ ಎಂಬ ಭ್ರಮೆ ಹುಟ್ಟಿಸುತ್ತದೆ. ಕೊಕ್ಕೆಯ ಮೊನೆಯ ಮುಂದೆ ತಂತಿಯನ್ನೋ ಗಟ್ಟಿ ನಾರನ್ನೋ ಅಡ್ಡ ಕಟ್ಟಿದರೆ ಅದೇ ಕಸ ತಡೆಯುವ ಜಿಗ್.

ಕಾವಲಿನ ಬಿಗುವು

ಮೊನೆಗೆ ಅಡ್ಡ ನಿಲ್ಲುವ ಈ ತಂತಿಯನ್ನು ಕಾವಲು ಎಂದು ಕರೆಯೋಣ. ಜಿಗ್ ಕಟ್ಟುವ ಕೈಚಳಕವೆಲ್ಲ ಇರುವುದು ಅದರ ಬಿಗುವಿನಲ್ಲೇ. ಜೊಂಡಿನ ಕಡ್ಡಿ ತಗುಲಿದರೆ ಅದು ಬಾಗಬಾರದು, ಮೀನಿನ ದವಡೆ ಒತ್ತಿದರೆ ಬಾಗಲೇಬೇಕು. ಬಿಗು ಹೆಚ್ಚಾದರೆ ಮೀನು ಕಚ್ಚಿದರೂ ಮೊನೆ ನಾಟುವುದಿಲ್ಲ. ಕಡಿಮೆಯಾದರೆ ಮೊದಲ ಎಳೆತಕ್ಕೇ ಹುಲ್ಲು ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಬಹುಪಾಲು ಜಿಗ್‌ಗಳು ಅಮೆರಿಕದ ಬಾಸ್ ಮೀನನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು. ಆ ಮೀನಿಗೆ ಅಗಲವಾದ ಬಾಯಿ. ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ. ಅದರ ಜಿಗ್‌ನ ಕಾವಲು ದಟ್ಟ ನಾರಿನದು. ಅದನ್ನು ಕತ್ತರಿಯಿಂದ ತೆಳು ಮಾಡಿಕೊಂಡು ಬಳಸುವುದು ಅಲ್ಲಿಯವರಿಗೂ ವಾಡಿಕೆ. ನಮ್ಮ ಕೊರವನ ಬಾಯಿ ಗಟ್ಟಿ ಎಲುಬಿನದು, ಹಲ್ಲಿನಿಂದ ಬಿಗಿಯಾಗಿ ಕಚ್ಚಿ ಹಿಡಿಯುವುದು ಅದರ ಸ್ವಭಾವ. ಹಾಗೆ ಕಚ್ಚಿ ಹಿಡಿದಾಗ ಎರಡು ತೆಳು ತಂತಿಯ ಕಾವಲು ಸಲೀಸಾಗಿ ಮಡಚಿಕೊಳ್ಳುತ್ತದೆ. ಮನೆಯಲ್ಲಿ ಕಟ್ಟಿದ್ದು ನಮ್ಮ ನೀರಿಗೆ ಚೆನ್ನಾಗಿ ಹೊಂದುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಎಲ್ಲ ಕಸವೂ ಒಂದೇ ಅಲ್ಲ. ಆಪು, ಜೊಂಡು, ತಾವರೆಯ ದಂಟು ಇವೆಲ್ಲ ಒಂಟಿ ಕಡ್ಡಿಗಳು. ಕಾವಲಿಗೆ ತಗುಲಿ ಪಕ್ಕಕ್ಕೆ ಜಾರುತ್ತವೆ. ಇಂಥಲ್ಲಿ ತಂತಿಯ ಕಾವಲು ಚೆನ್ನ. ಅಂತರಗಂಗೆಯ ಬೇರು ಮಾತ್ರ ಜಡೆ ಬಿಚ್ಚಿದಷ್ಟು ದಟ್ಟ. ಅದರ ಮಧ್ಯೆ ಎಸೆಯುವುದಕ್ಕಿಂತ ಅಂಚಿನಲ್ಲಿ, ಗಾಳಿಗೆ ಬಿರುಕು ಬಿಟ್ಟ ಜಾಗದಲ್ಲಿ ಜಿಗ್ಗನ್ನು ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತುವುದು ಜಾಣತನ. ದಾರದಾರವಾಗಿ ಬೆಳೆಯುವ ಹಸಿರು ಪಾಚಿಗೆ ಯಾವ ಕಾವಲೂ ಉತ್ತರವಲ್ಲ. ಪಾಚಿ ಕಾವಲಿಗೇ ಸುತ್ತಿಕೊಳ್ಳುತ್ತದೆ. ಅಲ್ಲಿ ಸಮಯ ಹಾಳು ಮಾಡಬೇಡಿ, ಮುಂದಕ್ಕೆ ಹೋಗಿ.

ನದಿಯ ಲೆಕ್ಕ ಬೇರೆ. ಕಬಿನಿ ಎಂದೂ ಕರೆಯುವ ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವವರೆಗೂ ಬಂಡೆ, ಮರಳು, ಮಡು ಒಂದರ ಹಿಂದೆ ಒಂದು ಬರುತ್ತವೆ. ಬಂಡೆಯ ಸಂದಿಗೆ ಬಿದ್ದ ಜಿಗ್ಗನ್ನು ತಂತಿಯ ಕಾವಲು ಉಳಿಸುವುದಿಲ್ಲ. ಅಲ್ಲಿ ಸಿಕ್ಕಿಕೊಳ್ಳುವುದು ಕೊಕ್ಕೆಯ ಮೊನೆಗಿಂತ ಹೆಚ್ಚಾಗಿ ಭಾರದ ತಲೆ. ಕಸದ ಜಿಗ್‌ಗೆ ಹೇಳಿ ಮಾಡಿಸಿದ ಜಾಗವೆಂದರೆ ಕಪಿಲೆಗೆ ಹುಲ್ಲಹಳ್ಳಿಯಲ್ಲಿ ಕಟ್ಟಿದ ಅಣೆ, ಕಾವೇರಿಗೆ ತಲಕಾಡಿನ ಬಳಿ ಕಟ್ಟಿದ ಮಾಧವಮಂತ್ರಿ ಅಣೆ, ಇಂಥ ಹಳೆಯ ಅಣೆಗಳ ಮೇಲಣ ನಿಂತ ನೀರು, ಅಲ್ಲಿಂದ ಹೊರಟ ನಾಲೆಗಳು, ನಾಲೆ ತುಂಬಿಸುವ ಕೆರೆಗಳು. ಸ್ನಾನಘಟ್ಟಗಳ ಕೆಳಗೆ ಇನ್ನೊಂದು ತೊಡಕಿದೆ. ಭಕ್ತರು ಮಿಂದು ನೀರಿಗೆ ಬಿಟ್ಟುಹೋದ ಬಟ್ಟೆ ಬಂಡೆಗೆ ಸುತ್ತಿಕೊಂಡಿರುತ್ತದೆ, ಅದರಲ್ಲಿ ಸಿಕ್ಕ ಕೊಕ್ಕೆ ಬರುವುದಿಲ್ಲ. ಹೇಗೂ ನಂಜನಗೂಡಿನ ನಂಜುಂಡೇಶ್ವರನ ಸನ್ನಿಧಿಯ ಘಟ್ಟದಲ್ಲಾಗಲಿ, ತಿರುಮಕೂಡಲಿನ ತ್ರಿವೇಣಿ ಸಂಗಮದಲ್ಲಿ ಜನ ಮೀಯುವ, ಅಸ್ಥಿ ಬಿಡುವ ಕಡೆಯಾಗಲಿ ಗಾಳ ಹಾಕುವುದು ಸಲ್ಲದು.

ಸೀಸ ಬೇಡ

ಜಿಗ್ ಮಾಡುವ ಹಳೆಯ ದಾರಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಗ್ಗ, ಭಾರ ಹೆಚ್ಚು. ಎಲ್ಲ ಅನುಕೂಲವೂ ಇದೆ. ಆದರೂ ಮನೆಯಲ್ಲಿ ಇದನ್ನು ಮಾಡಬೇಡಿ ಎಂದೇ ಹೇಳುತ್ತೇನೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ, ಅಚ್ಚಿನಲ್ಲಿ ತುಸು ತೇವ ಉಳಿದಿದ್ದರೆ ನೀರು ತಟ್ಟನೆ ಆವಿಯಾಗಿ ಲೋಹ ಸಿಡಿದು ಮುಖಕ್ಕೆ ಎರಚುತ್ತದೆ. ಮೇಲೆ ಕಟ್ಟುವ ಕೆನೆ, ಉದುರುವ ಪುಡಿ ನೆಲದಲ್ಲಿ ಉಳಿದು, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವುದಂತೂ ಇನ್ನೂ ಕೆಟ್ಟದ್ದು. ಅದರಲ್ಲಿ ಆಮ್ಲವೂ ಇದೆ, ಬೆಂಕಿ ತಗುಲಿದರೆ ವಿಷದ ಹೊಗೆಯೂ ಏಳುತ್ತದೆ.

ಎರಡನೆಯ ಕಾರಣ ಹಕ್ಕಿಗಳು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವುದನ್ನು ಈ ಸೀಮೆಯವರು ಬಲ್ಲರು. ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿ ಹಿಮಾಲಯ ದಾಟಿ ನಮ್ಮ ಕೆರೆಯ ದಡದಲ್ಲಿ ಹುಲ್ಲು, ಕಾಳು ಮೇಯುತ್ತದೆ. ಹಕ್ಕಿಗೆ ಹಲ್ಲಿಲ್ಲ. ಹೊಟ್ಟೆಯೊಳಗಿನ ಗಟ್ಟಿ ಚೀಲದಲ್ಲಿ ಮೇವು ಅರೆಯಲೆಂದು ಅದು ಸಣ್ಣ ಹರಳುಗಳನ್ನು ಹೆಕ್ಕಿ ನುಂಗುತ್ತದೆ. ಹೂಳಿನಲ್ಲಿ ಬಿದ್ದ ಸೀಸದ ಗುಂಡೂ ಹರಳೆಂದೇ ಅದರ ಹೊಟ್ಟೆ ಸೇರುತ್ತದೆ, ಅಲ್ಲಿ ಕಲ್ಲುಗಳ ನಡುವೆ ಅರೆದು ರಕ್ತಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ ಹಂಸಗಳು ಹೀಗೆ ಸಾಲುಸಾಲಾಗಿ ಸತ್ತ ಮೇಲೆ ಅಲ್ಲಿ 1987ರಿಂದ ಗಾಳಕ್ಕೆ ಬಳಸುವ ಸಣ್ಣ ಸೀಸದ ಗುಂಡುಗಳ ಮಾರಾಟ ನಿಂತಿತು. ನಮ್ಮಲ್ಲಿ ಕಾನೂನು ಬರಲಿ ಎಂದು ಕಾಯಬೇಕಾಗಿಲ್ಲ. ಬದಲಿ ಲೋಹ ಹತ್ತಿರದ ಅಂಗಡಿಯಲ್ಲೇ ಇದೆ.

ಆ ಬದಲಿ ಎಂದರೆ ಕಬ್ಬಿಣದ ನಟ್ಟು. ಹಿತ್ತಾಳೆಯ ನಟ್ಟು ನೋಡಲು ಚೆನ್ನ, ಸ್ವಲ್ಪ ಭಾರವೂ ಹೆಚ್ಚು. ಆದರೆ ಲೇತ್‌ನಲ್ಲಿ ಸುಲಭವಾಗಿ ಕಡೆಯಲೆಂದು ಹಿತ್ತಾಳೆಗೆ ಸಾಮಾನ್ಯವಾಗಿ ತುಸು ಸೀಸ ಬೆರೆಸಿರುತ್ತಾರೆ, ಅದಕ್ಕೇ ನಾನು ಕಬ್ಬಿಣದ ಪರ. ಸೀಸದಷ್ಟು ಅದು ಸಾಂದ್ರವಲ್ಲ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಕಬ್ಬಿಣ ಸುಮಾರು 7.8 ಗ್ರಾಂ ಅಷ್ಟೆ. ಹಾಗೆಂದು ಗಾಬರಿಯಾಗುವಂಥದ್ದೇನಿಲ್ಲ. 7 ಗ್ರಾಂ ತೂಕದ ಸೀಸದ ಗುಂಡಿನ ಅಡ್ಡಳತೆ ಹತ್ತೂವರೆ ಮಿಲಿಮೀಟರ್ ಆದರೆ ಅಷ್ಟೇ ತೂಕದ ಕಬ್ಬಿಣದ್ದು 12 ಮಿಲಿಮೀಟರ್. ತಲೆ ಸ್ವಲ್ಪ ದಪ್ಪ, ಮುಳುಗುವುದು ಸ್ವಲ್ಪ ನಿಧಾನ. ಕಸದ ನಡುವಿನ ಮೂರ್ನಾಲ್ಕು ಅಡಿ ನೀರಿನಲ್ಲಿ ನಿಧಾನವಾಗಿ ಇಳಿಯುವುದೇ ಲಾಭ, ಮೀನಿಗೆ ನೋಡಲು ಸಮಯ ಸಿಗುತ್ತದೆ.

ಎರಕವೇ ಹೊಯ್ಯಬೇಕು ಎನ್ನುವವರಿಗೆ ತವರ ಇದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಲೋಹ ಅದೇ. 232 ಡಿಗ್ರಿಗೇ ಕರಗುತ್ತದೆ. ಬೆಲೆ ಮಾತ್ರ ಸೀಸಕ್ಕಿಂತ ಬಹಳ ಹೆಚ್ಚು. ನೀರು ಬಿದ್ದರೆ ಸಿಡಿಯುವ ಅಪಾಯ ಇಲ್ಲೂ ಇದ್ದದ್ದೇ. ರೇಡಿಯೊ ರಿಪೇರಿಯವರ ಬೆಸುಗೆ ತಂತಿಯನ್ನು ತವರವೆಂದು ಭಾವಿಸಬೇಡಿ, ಬಹಳಷ್ಟರಲ್ಲಿ ಸೀಸ ಬೆರೆತಿರುತ್ತದೆ.

ಕಟ್ಟುವ ಬಗೆ

ಕೊಕ್ಕೆ 2/0 ಅಥವಾ 3/0 ಅಳತೆಯದು, ಕಡ್ಡಿ ಉದ್ದವಾಗಿರುವಂಥದ್ದು ಬೇಕು. ಕಣ್ಣು ನೇರವಾಗಿರಲಿ. ಕಣ್ಣು ಬಾಗಿದ ಜಿಗ್ ಕೊಕ್ಕೆಗಳೂ ಸಿಗುತ್ತವೆ, ಆದರೆ ಕಸಕ್ಕೆ ನೇರ ಕಣ್ಣೇ ಮೇಲು. ದಾರ ತಲೆಯ ತುದಿಯಿಂದಲೇ ಹೊರಟರೆ ಜಿಗ್ ಮೂಗು ಮುಂದೆ ಮಾಡಿಕೊಂಡು ಹುಲ್ಲನ್ನು ಸೀಳುತ್ತ ಬರುತ್ತದೆ. ತಲೆಯ ಮೇಲ್ಭಾಗದಿಂದ ಹೊರಟರೆ ದಾರಕ್ಕೂ ತಲೆಗೂ ನಡುವಿನ ಮೂಲೆಯಲ್ಲಿ ಹುಲ್ಲು ಕೂರುತ್ತದೆ. ಇದರ ಜೊತೆಗೆ 8 ಮಿಲಿಮೀಟರ್ ಅಳತೆಯ ಕಬ್ಬಿಣದ ನಟ್ಟು, ಎಂ-ಸೀಲ್, ಅರಾಲ್ಡೈಟ್, ಗಟ್ಟಿ ದಾರ, ಮೂಗು ಸಣ್ಣಗಿರುವ ಇಕ್ಕಳ ಬೇಕು. 8ರ ನಟ್ಟು ಸುಮಾರು 5 ಗ್ರಾಂ ತೂಗುತ್ತದೆ. ಎಂ-ಸೀಲ್ ಸೇರಿ 7 ಗ್ರಾಂ ಆಸುಪಾಸಿನ ಜಿಗ್ ಆಗುತ್ತದೆ, ಕೆರೆಗೆ ಇಷ್ಟು ಸಾಕು. ನಾಲೆಯ ಹರಿವಿಗೆ, ಆಳದ ಮಡುವಿಗೆ ಎರಡು ನಟ್ಟು ಹಾಕಿ. ಅಂಗಡಿಗೆ ಹೋಗುವಾಗ ಕೊಕ್ಕೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೊಕ್ಕೆಯ ಕಣ್ಣು ನಟ್ಟಿನ ತೂತಿನಲ್ಲಿ ತೂರುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಕಾವಲಿಗೆ ಬೇಕಾದ ತಂತಿ ಪ್ರತಿ ಸೈಕಲ್ ಶಾಪಿನ ಮೂಲೆಯಲ್ಲೂ ಬಿದ್ದಿರುತ್ತದೆ. ಹಳೆಯ ಬ್ರೇಕ್ ವೈರನ್ನು ಬಿಚ್ಚಿದರೆ ಸಿಗುವ ಒಂದೊಂದು ಎಳೆಯೂ ಚಿಮ್ಮುವ ಗುಣದ ಉಕ್ಕು, ದಪ್ಪ ಸುಮಾರು 0.3 ಮಿಲಿಮೀಟರ್. ಎಳೆ ಸುರುಳಿಯಾಗಿರುತ್ತದೆ; ಇಕ್ಕಳದಲ್ಲಿ ಒಂದು ತುದಿ ಹಿಡಿದು ದಪ್ಪ ಬಟ್ಟೆಯ ನಡುವೆ ಎಳೆದರೆ ನೆಟ್ಟಗಾಗುತ್ತದೆ. ಗಿಟಾರಿನ ತೆಳು ತಂತಿ ಸಿಕ್ಕರೆ ಇನ್ನೂ ಚೆನ್ನ. ಹೂಮಾಲೆ ಕಟ್ಟುವ ಮೆತ್ತನೆಯ ಬೈಂಡಿಂಗ್ ತಂತಿ ಬೇಡವೇ ಬೇಡ, ಒಮ್ಮೆ ಬಾಗಿದರೆ ಬಾಗಿದ ಹಾಗೆಯೇ ಉಳಿಯುತ್ತದೆ.

ಮೊದಲು ಕೊಕ್ಕೆಯ ಕಡ್ಡಿಗೆ ಕಣ್ಣಿನ ಹಿಂದಿನಿಂದ ಒಂದೂವರೆ ಸೆಂಟಿಮೀಟರ್‌ನಷ್ಟು ಉದ್ದಕ್ಕೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಮೇಲೆ ಅರಾಲ್ಡೈಟ್ ತೆಳುವಾಗಿ ಸವರಿ. ನುಣುಪು ಕಡ್ಡಿಯ ಮೇಲೆ ಭಾರ ಕೂರಿಸಿದರೆ ಕೆಲವು ದಿನದಲ್ಲೇ ಸಡಿಲವಾಗಿ ಸುತ್ತಲು ಶುರುವಾಗುತ್ತದೆ, ಈ ಸುತ್ತು ಅದಕ್ಕೆ ಹಿಡಿತ ಕೊಡುತ್ತದೆ. ದಾರ ಯಾವುದಾದರೂ ಆದೀತು. ತಿ. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೇ ಇದೆ, ರೇಷ್ಮೆ ಎಳೆ ಕೈಗೆ ಸಿಗುವ ಮನೆಯವರಾದರೆ ಅದನ್ನೇ ಬಳಸಿ. ಗರಿ ಕಟ್ಟಿದ ಗಾಳಗಳಿಗೆ ಹೊರದೇಶಗಳಲ್ಲಿ ಬಹಳ ಕಾಲ ರೇಷ್ಮೆಯನ್ನೇ ಸುತ್ತುತ್ತಿದ್ದರು. ಹಾಗೆ ಸಿಗದವರಿಗೆ ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಏನೂ ಕಡಿಮೆಯಲ್ಲ.

ಅರಾಲ್ಡೈಟ್ ಒಣಗಿದ ಮೇಲೆ 12ರಿಂದ 13 ಸೆಂಟಿಮೀಟರ್ ತಂತಿ ಕತ್ತರಿಸಿ ಸರಿಯಾಗಿ ಮಧ್ಯಕ್ಕೆ ಮಡಚಿ. ಮಡಿಕೆ ಕೊಕ್ಕೆಯ ಬಾಗಿನ ಕಡೆಗೂ ಎರಡು ತುದಿ ಕಣ್ಣಿನ ಕಡೆಗೂ ಇರುವಂತೆ, ದಾರ ಸುತ್ತಿದ ಭಾಗದ ಮೇಲೆ, ಮೊನೆ ಇರುವ ಮಗ್ಗುಲಿಗೆ ಅದನ್ನು ಇಟ್ಟು ಬಿಗಿಯಾಗಿ ಕಟ್ಟಿ. ಈಗ ಕಣ್ಣಿನ ಕಡೆಯಿಂದ ನಟ್ಟನ್ನು ತೂರಿಸಿ, ತಂತಿಯ ಎರಡು ಕಾಲೂ ನಟ್ಟಿನ ಒಳಗಿಂದ ಮುಂದಕ್ಕೆ ಬರಲಿ. ನಟ್ಟು ಕಣ್ಣಿನ ಹಿಂದೆಯೇ ಬಂದು ನಿಂತಾಗ ಆ ಎರಡು ಕಾಲುಗಳನ್ನು ಮೇಲಕ್ಕೆ ಎತ್ತಿ, ನಟ್ಟಿನ ಮೇಲಿಂದ ಹಿಂದಕ್ಕೆ, ಕೊಕ್ಕೆಯ ಮೊನೆಯ ದಿಕ್ಕಿಗೆ ಓರೆಯಾಗಿ ಬಗ್ಗಿಸಿ.

ಇಲ್ಲಿ ಒಂದು ಸಂಗತಿ ಮರೆಯಬೇಡಿ. ನಟ್ಟಿನ ತೂತು ಕಡ್ಡಿಗಿಂತ ಅಗಲ. ಮೊನೆ ಇರುವ ಕಡೆಯ ಒಳಗೋಡೆಗೆ ಕಡ್ಡಿ ತಾಗಿರುವಂತೆ ನಟ್ಟನ್ನು ಕೆಳಕ್ಕೆ ಇಳಿಬಿಡಿ. ಆಗ ಭಾರದ ಹೆಚ್ಚು ಪಾಲು ಕಡ್ಡಿಯ ಕೆಳಗೆ ಜೋತಾಡುತ್ತದೆ, ಜಿಗ್ ನೀರಿನಲ್ಲಿ ಮೊನೆ ಮೇಲೆ ಮಾಡಿಕೊಂಡೇ ಸಾಗುತ್ತದೆ. ಮೊನೆ ಕೆಳಗಾದರೆ ಎಂಥ ಕಾವಲು ಕಟ್ಟಿದರೂ ತಳದ ಬೇರಿಗೆ ಚುಚ್ಚಿಕೊಳ್ಳುವುದು ತಪ್ಪದು.

ಇನ್ನು ಎಂ-ಸೀಲ್. ಎರಡೂ ಭಾಗ ಸಮಸಮ ತೆಗೆದುಕೊಂಡು, ಗೆರೆಗೆರೆ ಕಾಣದೆ ಒಂದೇ ಬಣ್ಣ ಬರುವವರೆಗೆ ನಾದಿ. ಬರಿಗೈ ಬೇಡ, ಕೆಲವರ ಚರ್ಮಕ್ಕೆ ಅದು ಉರಿ ತರಿಸುತ್ತದೆ; ತೆಳು ಕೈಗವಸು ಹಾಕಿಕೊಳ್ಳಿ. ನಟ್ಟಿನ ಒಳಗೆ ಮೊದಲು ತುರುಕಿ, ಆಮೇಲೆ ಹೊರಗೆ ಸುತ್ತಲೂ ಮೆತ್ತಿ. ಮುಂದಿನ ತುದಿ ಬುಗುರಿಯ ಮೊಳೆಯ ಕಡೆಯಂತೆ ಚೂಪಾಗುತ್ತ ಬಂದು ಕೊಕ್ಕೆಯ ಕಣ್ಣಿನಲ್ಲಿ ಮುಗಿಯಲಿ. ಎಲ್ಲೂ ಮೆಟ್ಟಿಲಿರಬಾರದು, ಮೂಲೆ ಇರಬಾರದು. ಬೆರಳನ್ನು ನೀರಿಗೆ ಅದ್ದಿ ಸವರಿದರೆ ಮೈ ನುಣುಪಾಗುತ್ತದೆ. ಕಣ್ಣಿನೊಳಗೆ ಒಂದು ಗುಂಡುಸೂಜಿ ತೂರಿಸಿಟ್ಟರೆ ಅದು ಮುಚ್ಚಿಹೋಗುವುದಿಲ್ಲ. ತಂತಿಯ ಕಾಲುಗಳು ತಲೆಯಿಂದ ಹೊರಬರುವ ಜಾಗದಲ್ಲಿ ಎಂ-ಸೀಲ್ ಚೆನ್ನಾಗಿ ಒತ್ತಿ. ಕಾವಲು ಸಡಿಲವಾಗುವುದು ಮೊದಲು ಅಲ್ಲೇ. ನಟ್ಟಿನ ಕಬ್ಬಿಣ ಎಲ್ಲಿಯೂ ಹೊರಗೆ ಕಾಣಬಾರದು, ಕಂಡರೆ ತುಕ್ಕು ಒಳಗಿನಿಂದ ಶುರುವಾಗುತ್ತದೆ. ಒಂದು ಹಗ್ಗಕ್ಕೆ ತೂಗುಹಾಕಿ ಇಡೀ ದಿನ ಒಣಗಿಸಿ. ಅದಕ್ಕೆ ಮೊದಲು ಗಟ್ಟಿಯಾದಂತೆ ಕಂಡರೂ ಕೈ ಹಾಕಬೇಡಿ. ಆಮೇಲೆ ಸಣ್ಣ ಮರಳುಕಾಗದದಿಂದ ಉಜ್ಜಿ ನೇಲ್ ಪಾಲಿಷ್ ಎರಡು ಸಲ ಬಳಿಯಿರಿ. ಮಳೆಗಾಲದ ಕೆಂಪು ನೀರಿಗೆ ಕಪ್ಪು, ಗಾಢ ಕಂದು ಒಳ್ಳೆಯದು, ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನೆದುರು ಆಕಾರ ಸ್ಪಷ್ಟವಾಗಿ ಕಾಣುತ್ತದೆ. ತಿಳಿನೀರಿಗೆ ಹಸಿರು, ಮಣ್ಣು ಬಣ್ಣ. ಬಣ್ಣದ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ತಂತಿಯ ಎರಡು ಕಾಲನ್ನೂ ಈಗ ಹದಕ್ಕೆ ತನ್ನಿ. ಎರಡೂ ಮೊನೆಯ ಎಡಬಲಕ್ಕೆ ಒಂದಿಷ್ಟು ಕವಲೊಡೆದು, ಮೊನೆಗಿಂತ ಮೂರ್ನಾಲ್ಕು ಮಿಲಿಮೀಟರ್ ಎತ್ತರದಲ್ಲಿ, ಮೊನೆಯನ್ನು ಅಷ್ಟೇ ದಾಟಿ ನಿಲ್ಲಬೇಕು. ಹೆಚ್ಚಿನದನ್ನು ಕತ್ತರಿಸಿ, ತುದಿಯನ್ನು ಸಣ್ಣ ಉಂಗುರವಾಗಿ ಮಡಚಿ. ಹಾಗೆ ಬಿಟ್ಟರೆ ಮೀನು ಬಿಡಿಸುವಾಗ ಅದು ಚುಚ್ಚುವುದು ನಿಮ್ಮ ಬೆರಳಿಗೇ.

ತಂತಿಯ ಬದಲು ನಾರಿನ ಕಾವಲು ಬೇಕೆನ್ನುವವರು ಎಂ-ಸೀಲ್ ಹಸಿಯಾಗಿರುವಾಗಲೇ ತಲೆಯ ಮೇಲ್ಭಾಗದಲ್ಲಿ, ಮೊನೆಯ ಕಡೆಗೆ ಓರೆಯಾಗಿ 3 ಮಿಲಿಮೀಟರ್ ಅಗಲದ ಗುಳಿ ಮಾಡಿಟ್ಟು, ಒಣಗಿದ ಮೇಲೆ ಬಟ್ಟೆ ಬ್ರಷ್‌ನ ನೈಲಾನ್ ನಾರನ್ನು ಒಂದು ಕಟ್ಟು ಅರಾಲ್ಡೈಟ್ ಹಚ್ಚಿ ಅದರಲ್ಲಿ ನೆಡಬಹುದು. ಹತ್ತು ಹದಿನೈದು ನಾರಿನಿಂದ ಶುರು ಮಾಡಿ. ಹೆಚ್ಚೆನಿಸಿದರೆ ಒಂದೊಂದಾಗಿ ಕತ್ತರಿಸುತ್ತ ಬನ್ನಿ.

ಕೊನೆಗೆ ಹಿಂಬದಿಯ ಕುಚ್ಚು. ಹುಂಜದ ಕತ್ತಿನ ಗರಿ ನೀರಿನಲ್ಲಿ ಜೀವವಿದ್ದಂತೆ ಆಡುತ್ತದೆ, ನನ್ನ ಮೊದಲ ಆಯ್ಕೆ ಅದೇ. ಸೈಕಲ್ ಟ್ಯೂಬನ್ನು ಕತ್ತರಿಯಿಂದ ಎರಡು ಮಿಲಿಮೀಟರ್ ಪಟ್ಟಿಗಳಾಗಿ ಸೀಳಿ ಕಟ್ಟಿದರೆ ಬಹುಕಾಲ ಬಾಳುತ್ತದೆ. ಬಲೂನಿನ ರಬ್ಬರ್ ಬಿಸಿಲಿಗೆ ಬೇಗ ಅಂಟಂಟಾಗುತ್ತದೆ. ಚಿಪ್ಸ್ ಪೊಟ್ಟಣದ ಮಿಂಚುವ ಹಾಳೆ ಕಟ್ಟುವವರಿದ್ದಾರೆ. ಅದು ಚೂರುಚೂರಾಗಿ ಕೆರೆಯಲ್ಲೇ ಉಳಿಯುವ ವಸ್ತು, ಬಿಡಿ. ಕುಚ್ಚು ಕೊಕ್ಕೆಯ ಬಾಗಿಗಿಂತ ಒಂದು ಸೆಂಟಿಮೀಟರ್ ಉದ್ದ ಇದ್ದರೆ ಸಾಕು. ಉದ್ದವಾದಷ್ಟೂ ಮೀನು ಬರಿ ಬಾಲ ಕಚ್ಚಿ ಬಿಡುತ್ತದೆ.

ಕೆರೆಗೆ ಹೋಗುವ ಮೊದಲು

ಕಟ್ಟಿದ ಜಿಗ್ಗನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ತೆಂಗಿನ ಕಡ್ಡಿ ಪೊರಕೆಯೊಂದನ್ನು ನೆಲದಲ್ಲಿ ಮಲಗಿಸಿ, ಜಿಗ್‌ಗೆ ದಾರ ಕಟ್ಟಿ ಅದರ ಮೇಲೆ ಅಡ್ಡಡ್ಡ ಎಳೆಯಿರಿ. ಕಡ್ಡಿಗಳಿಗೆ ತಾಗಿ ತಾಗಿ ಜಾರಿಕೊಂಡು ಬಂದರೆ ಕಾವಲು ಕೆಲಸ ಮಾಡುತ್ತಿದೆ ಎಂದರ್ಥ. ಆಮೇಲೆ ಒದ್ದೆ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ, ಜಿಗ್ಗನ್ನು ನಡುವೆ ಇಟ್ಟು, ಮೇಲಿಂದ ಹಲಗೆ ಚೂರಿನಿಂದ ಸಾಧಾರಣವಾಗಿ ಒತ್ತಿ ದಾರವನ್ನು ಒಮ್ಮೆ ಜಗ್ಗಿ. ಕೊಕ್ಕೆ ಗೋಣಿಗೆ ನಾಟಬೇಕು. ಪೊರಕೆಯಲ್ಲಿ ಪಾಸಾಗಿ ಗೋಣಿಯಲ್ಲಿ ಫೇಲಾದರೆ ತಂತಿ ಬಿಗಿ. ಕಾಲುಗಳನ್ನು ಇನ್ನಷ್ಟು ಕವಲೊಡೆಸಿ, ಎತ್ತರ ಇಳಿಸಿ. ಗೋಣಿಯಲ್ಲಿ ಪಾಸಾಗಿ ಪೊರಕೆಯಲ್ಲಿ ಫೇಲಾದರೆ ಕಾಲುಗಳನ್ನು ಮೊನೆಯ ಹತ್ತಿರಕ್ಕೆ ತನ್ನಿ. ಅಷ್ಟಕ್ಕೂ ಸರಿಯಾಗದಿದ್ದರೆ ತಂತಿ ತೀರಾ ತೆಳುವಾಯಿತು. ಮೂರನೆಯ ಪರೀಕ್ಷೆ ಬಕೆಟ್ಟಿನಲ್ಲಿ: ದಾರ ಹಿಡಿದು ಮುಳುಗಿಸಿ, ಮೆಲ್ಲಗೆ ಎಳೆದಾಗ ಮೊನೆ ಮೇಲಿದೆಯೇ ನೋಡಿ. ಪಕ್ಕಕ್ಕೆ ವಾಲಿದರೆ ಕೆಳಭಾಗಕ್ಕೆ ಇನ್ನೊಂದಿಷ್ಟು ಎಂ-ಸೀಲ್ ಮೆತ್ತಿ.

ಕಸದಲ್ಲಿ ತೆಳು ನೈಲಾನ್ ನಡೆಯುವುದಿಲ್ಲ. ಹೆಣೆದ ದಾರ, ಹತ್ತು ಹನ್ನೆರಡು ಕಿಲೋ ತಾಳುವಂಥದ್ದು ಇರಲಿ. ಅದು ಹಿಗ್ಗುವುದಿಲ್ಲ, ಹಸಿ ದಂಟನ್ನು ಕೊಯ್ದುಕೊಂಡು ಬರುತ್ತದೆ. ಗಂಟು ಹೀಗೆ: ದಾರವನ್ನು ಜೋಡಿಯಾಗಿ ಮಡಚಿ ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಜೋಡಿ ದಾರದಲ್ಲೇ ಒಂದು ಸಾದಾ ಗಂಟು ಸಡಿಲವಾಗಿ ಹಾಕಿ, ಉಳಿದ ಕುಣಿಕೆಯೊಳಗೆ ಇಡೀ ಜಿಗ್ಗನ್ನು ದಾಟಿಸಿ, ಎಂಜಲು ಹಚ್ಚಿ ಬಿಗಿ ಮಾಡಿ. ಪಾಲೊಮರ್ ಎಂದು ಕರೆಯುವ ಈ ಗಂಟಿಗಿಂತ ಸುಲಭದ್ದೂ ಗಟ್ಟಿಯಾದದ್ದೂ ಬೇರೆ ಕಾಣೆ.

ಬೆಳಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ, ಜೊಂಡಿನ ಅಂಚಿಗೆ ಸಮಾನಾಂತರವಾಗಿ ಎಸೆಯಿರಿ. ಕಸದ ಮೇಲೆಯೇ ಬಿದ್ದರೆ ಅವಸರವಿಲ್ಲದೆ ಅಂಚಿನವರೆಗೆ ತೆವಳಿಸಿ ತಂದು ನೀರಿಗೆ ಬೀಳಿಸಿ. ಬಹಳಷ್ಟು ಸಲ ಮೀನು ಎರಗುವುದು ಆ ಬೀಳುವ ಗಳಿಗೆಯಲ್ಲೇ. ಕಚ್ಚಿದ್ದು ಗೊತ್ತಾದ ಕೂಡಲೇ ಜಗ್ಗಬೇಡಿ. ದಾರ ಬಿಗಿಯಾಗಿ, ಮೀನಿನ ತೂಕ ಕೈಗೆ ತಿಳಿದ ಮೇಲೆ ಕೋಲನ್ನು ಬಲವಾಗಿ ಎತ್ತಿ. ಕಾವಲು ಮಡಚಬೇಕು, ಗಟ್ಟಿ ದವಡೆಗೆ ಮೊನೆ ಇಳಿಯಬೇಕು, ಅದಕ್ಕೇ ಅಷ್ಟು ಬಲ. ನಾಟಿದ ಮೇಲೆ ದಾರ ಸಡಿಲ ಬಿಟ್ಟರೆ ಮೀನು ನೇರ ಬೇರಿನೊಳಗೆ ನುಗ್ಗುತ್ತದೆ.

ಒಂದು ದೃಶ್ಯ ಕಂಡರೆ ಮಾತ್ರ ಎಸೆಯಬೇಡಿ. ಮಳೆಗಾಲದಲ್ಲಿ ಕಸದ ನಡುವೆ ಕೆಂಪು ಕಿತ್ತಳೆ ಬಣ್ಣದ ಸಣ್ಣ ಸಣ್ಣ ಮರಿಗಳು ನೂರಾರು ಒಟ್ಟಾಗಿ ಮೇಲೆ ಬಂದು ಗಾಳಿ ಕುಡಿದು ಇಳಿಯುತ್ತಿರುತ್ತವೆ. ಅವು ಕೊರವನ ಮರಿಗಳು, ಕೆಳಗೆ ತಾಯಿತಂದೆ ಕಾಯುತ್ತಿರುತ್ತವೆ. ಆ ಗುಂಪಿನ ನಡುವೆ ಏನು ಬಿದ್ದರೂ ದೊಡ್ಡ ಮೀನು ಸಿಟ್ಟಿನಿಂದ ಎರಗುತ್ತದೆ, ಅದನ್ನು ಹಿಡಿಯುವುದು ಬಲು ಸುಲಭ. ಹಿಡಿದರೆ ಕಾವಲಿಲ್ಲದ ಮರಿಗಳು ಬೇರೆ ಮೀನು, ಹಕ್ಕಿಗಳ ಪಾಲಾಗುತ್ತವೆ. ಮುಂದಿನ ವರ್ಷ ಆ ಕೆರೆಯಲ್ಲಿ ಕೊರವ ಬೇಕೆನ್ನುವವರು ಅಂಥ ಗುಂಪನ್ನು ಬಿಟ್ಟು ನಡೆಯಬೇಕು.

ನದಿಯಲ್ಲಿ ಅಪರೂಪಕ್ಕೆ ಮಹಶೀರ್ ಸಿಕ್ಕೀತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಇದೇ ಕಪಿಲೆಯಲ್ಲಿ 120 ಪೌಂಡ್, ಎಂದರೆ 54 ಕಿಲೋಗೂ ಮೀರಿದ ಮಹಶೀರ್ ಹಿಡಿದಿದ್ದರು. ಗಾಳದ ಇತಿಹಾಸದಲ್ಲಿ ಅದು ಇಂದಿಗೂ ದೊಡ್ಡ ಹೆಸರು. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಸಿಕ್ಕಿದರೆ ನೀರಿನಿಂದ ಮೇಲೆತ್ತದೆ ಅಲ್ಲೇ ಬಿಡಿಸಿ ಕಳಿಸಿ. ಇದೇ ಕಾರಣಕ್ಕೆ ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ದಾರ ಬಿಗಿಯಾಗಿರುವವರೆಗೂ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ.

ಕೆರೆಗಳ ಮೀನು ಸಾಮಾನ್ಯವಾಗಿ ಗುತ್ತಿಗೆಯದು. ಸಹಕಾರ ಸಂಘದವರೋ ಗುತ್ತಿಗೆದಾರರೋ ಮರಿ ಬಿತ್ತಿ ಸಾಕಿರುತ್ತಾರೆ. 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಗ್ರಾಮ ಪಂಚಾಯಿತಿಯಲ್ಲೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೋ ಕೇಳಿ ಒಪ್ಪಿಗೆ ಪಡೆದೇ ಗಾಳ ಹಾಕಿ. ನದಿಗಿಳಿಯುವವರು ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಎಷ್ಟು ನೀರು ಬಿಡುತ್ತಿದ್ದಾರೆ ಎಂದು ಆ ದಿನ ಬೆಳಗ್ಗೆಯೇ ವಿಚಾರಿಸಿಕೊಳ್ಳಿ. ಮೇಲೆ ಮಳೆ ಬಿದ್ದಾಗ ಬಿಸಿಲಿರುವ ನಂಜನಗೂಡಿನಲ್ಲೂ ಹೊಳೆ ಏರುತ್ತದೆ.

ಮನೆಗೆ ಬಂದ ಮೇಲೆ ಜಿಗ್ಗನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಬೇಡಿ. ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬ್ರೇಕ್ ವೈರಿನ ಎಳೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕಾವಲನ್ನು ಮುಚ್ಚಳ ಅದುಮದಂತೆ, ಮೊನೆ ಮೇಲಾಗಿ ಥರ್ಮಾಕೋಲ್ ತುಂಡಿನಲ್ಲಿ ಒಂದೊಂದನ್ನೇ ಸಿಕ್ಕಿಸಿ ನಿಲ್ಲಿಸಿ. ವಾರಗಟ್ಟಲೆ ಅದುಮಿಟ್ಟ ತಂತಿ ತನ್ನ ಚಿಮ್ಮುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬೀಳದೆ ಜಾರಿದರೆ ಸಣ್ಣ ಅರದಿಂದ, ತುದಿಯ ಕಡೆಗೆ ಮಾತ್ರ, ನಾಲ್ಕೈದು ಸಲ ಉಜ್ಜಿಡಿ.